ಖಾಲಿ ವಾದ್ಯಮೇಳ ಮತ್ತು ಕೊಂಗುನಾಡಿನ ಕನ್ನಡ ಕೊರಳು

1

ಸಾಹಿತ್ಯ ವಿಮರ್ಶೆಯ ಅಂಗಳಕ್ಕೆ 'ಕರೋಕೆ'ಯನ್ನು ಕರೆತರುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಮದುವೆಮನೆಯ ಗದ್ದಲಕ್ಕೂ ಮೊಬೈಲಿನ ಮೋಜಿಗೂ ವಿಮರ್ಶೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಆದರೆ ಶಾಲೆಯಲ್ಲಾಗಲಿ, ಬಸ್ಸಿನ ಫಲಕದಲ್ಲಾಗಲಿ ಕನ್ನಡ ಕಾಣದ ಊರಿನಲ್ಲಿ ಬೆಳೆಯುವ ಮಗುವೊಂದು ಹತ್ತು ಜನರೆದುರು ಕನ್ನಡದ ಸಾಲನ್ನು ಹೇಳುವುದು ಹಾಡಿನ ಮೂಲಕ ಮಾತ್ರ ಎಂದಾದರೆ, ಆ ಹಾಡು ಹೇಗೆ ಬರುತ್ತದೆ, ಯಾವ ಲಿಪಿಯಲ್ಲಿ ಬರುತ್ತದೆ ಎಂಬುದು ಖಂಡಿತ ಸಾಹಿತ್ಯದ ಪ್ರಶ್ನೆಯೇ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ಜಪಾನಿ ನುಡಿಯಲ್ಲಿ 'ಕರ' ಎಂದರೆ ಬರಿದು, ಖಾಲಿ. 'ಓಕೆ' ಎಂಬುದು ಆರ್ಕೆಸ್ಟ್ರಾ ಎಂಬ ಪದದ ಜಪಾನಿ ಉಚ್ಚಾರದ ಮೊಟಕು ರೂಪ. ಎರಡೂ ಸೇರಿ 'ಖಾಲಿ ವಾದ್ಯಮೇಳ'. ವಾದ್ಯಗಳೆಲ್ಲ ಇವೆ, ಹಾಡುವವನ ಜಾಗ ಮಾತ್ರ ತೆರವಾಗಿದೆ. ಆ ತೆರವನ್ನು ಯಾರು ತುಂಬುತ್ತಾರೆ, ಯಾವುದರಿಂದ ತುಂಬುತ್ತಾರೆ ಎಂಬುದರಲ್ಲಿಯೇ ಅದರ ಚರಿತ್ರೆಯೆಲ್ಲ ಅಡಗಿದೆ.

2

ಈ ಯಂತ್ರಕ್ಕೆ ಒಬ್ಬನೇ ತಂದೆ ಎನ್ನಲಾಗದು. 1967ರಲ್ಲಿ ಟೋಕಿಯೋದ ನೆಗಿಶಿ ಶಿಗೆಇಚಿ ಎಂಬವರು 'ಸ್ಪಾರ್ಕೋ ಬಾಕ್ಸ್' ಎಂಬ ಹಾಡುಪೆಟ್ಟಿಗೆಯನ್ನು ಮಾಡಿದರು. ಅವರು ನೂರು ವರ್ಷ ಬಾಳಿ 2024ರಲ್ಲಿ ತೀರಿಕೊಂಡರು. ಆದರೆ ಹೆಚ್ಚು ಹೆಸರಾದದ್ದು ಕೋಬೆ ನಗರದ ಇನೌಎ ದಾಯಿಸುಕೆ ಅವರದು. ಅವರು ರಾತ್ರಿ ಕ್ಲಬ್ಬುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು. ಪ್ರವಾಸಕ್ಕೆ ಹೊರಟ ಗಿರಾಕಿಯೊಬ್ಬರು ಜೊತೆಗೆ ಬರಲು ಕರೆದಾಗ ಹೋಗಲಾಗದೆ ವಾದ್ಯವನ್ನಷ್ಟೇ ಟೇಪಿನಲ್ಲಿ ತುಂಬಿಸಿ ಕೊಟ್ಟರಂತೆ. ಅದೇ ಮುಂದೆ 1971ರಲ್ಲಿ ನಾಣ್ಯ ಹಾಕಿದರೆ ನುಡಿಯುವ ಯಂತ್ರವಾಯಿತು. ಮೊದಲಿಗೆ ಹನ್ನೊಂದನ್ನು ಮಾಡಿ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾಡಿಸಲಿಲ್ಲವಾದ್ದರಿಂದ ಕೋಟಿಗಳು ಬೇರೆಯವರ ಪಾಲಾದವು. 2004ರಲ್ಲಿ ಅವರಿಗೆ 'ಇಗ್ ನೊಬೆಲ್' ಎಂಬ ವಿನೋದದ ಶಾಂತಿ ಪ್ರಶಸ್ತಿ ಬಂತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸ ದಾರಿ ತೋರಿಸಿದ್ದಕ್ಕಾಗಿ ಈ ಗೌರವ ಎಂಬುದು ಅದರ ಒಕ್ಕಣೆಯ ಸಾರ. ನಗೆಯ ಮಾತಾದರೂ ಅದರಲ್ಲಿ ಸತ್ಯವಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಇನೌಎ ಅವರು ಸಾಮಾನ್ಯರ ಕೊರಳಿಗೆ ಎಟಕುವ ಶ್ರುತಿಯಲ್ಲಿ ವಾದ್ಯವನ್ನು ನುಡಿಸಿ ತುಂಬಿಸಿದ್ದರು. ಅಂದರೆ ಯಂತ್ರವೇ ಹಾಡುವವನ ಕಡೆಗೆ ಬಾಗಿತ್ತು. ಎರಡನೆಯದು, ಜಪಾನಿನಲ್ಲಿ ಕರೋಕೆ ಸರದಿಯ ಆಟ. 1980ರ ದಶಕದ ನಡುವೆ ಒಕಾಯಾಮದಲ್ಲಿ ಹಳೆಯ ಸರಕುಪೆಟ್ಟಿಗೆಯೊಂದನ್ನು ಹಾಡುವ ಕೋಣೆಯಾಗಿ ಮಾರ್ಪಡಿಸಿದಲ್ಲಿಂದ 'ಕರೋಕೆ ಬಾಕ್ಸ್'ಗಳು ದೇಶವೆಲ್ಲ ಹಬ್ಬಿದವು. ಆ ಪುಟ್ಟ ಕೋಣೆಯೊಳಗೆ ವೇದಿಕೆಯಿಲ್ಲ, ಟಿಕೇಟು ಕೊಂಡ ಪ್ರೇಕ್ಷಕನಿಲ್ಲ. ಈಗ ಹಾಡಿದವನು ಇನ್ನೊಂದು ಗಳಿಗೆಗೆ ಕೇಳುಗ. ಚೆನ್ನಾಗಿ ಹಾಡಿದರೂ ಕೆಟ್ಟದಾಗಿ ಹಾಡಿದರೂ ಚಪ್ಪಾಳೆ ತಟ್ಟುವುದು ಅಲ್ಲಿನ ಮರ್ಯಾದೆ.

ಹೊರನಾಡಿಗೆ ಹೋದಂತೆಲ್ಲ ಅದು ವೇಷ ಬದಲಿಸಿತು. 1991ರಲ್ಲಿ ಕೊರಿಯಾದ ಬುಸಾನಿನಲ್ಲಿ 'ನೊರೆಬಾಂಗ್' ಆಯಿತು. ಅದರ ಅರ್ಥ 'ಹಾಡಿನ ಕೋಣೆ'. ತೈವಾನಿನಲ್ಲಿ 'ಕೆಟಿವಿ' ಆಯಿತು. ಫಿಲಿಪೈನ್ಸಿನಲ್ಲಿ ರೊಬೆರ್ತೊ ದೆಲ್ ರೊಸಾರಿಯೊ ಎಂಬವರು ತಮ್ಮ ಹಾಡುಯಂತ್ರಕ್ಕೆ 1983 ಮತ್ತು 1986ರಲ್ಲಿ ಪೇಟೆಂಟ್ ಪಡೆದಿದ್ದರು. 1996ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರ ಹಕ್ಕನ್ನು ಎತ್ತಿಹಿಡಿಯಿತು. ಎರವಲು ತಂದ ಪೆಟ್ಟಿಗೆಯನ್ನು ಪ್ರತಿಯೊಂದು ನಾಡೂ ತನ್ನದೇ ಆದ ಕೂಟದೊಳಕ್ಕೆ ಒಗ್ಗಿಸಿಕೊಂಡಿತು. ಹಾಗಾದರೆ ನಾವು ಅದನ್ನು ಯಾವುದರೊಳಕ್ಕೆ ಒಗ್ಗಿಸಿಕೊಂಡೆವು?

3

ನಾವು ಅದನ್ನು ಸಿನಿಮಾ ಹಾಡಿನ ಪರಂಪರೆಯೊಳಕ್ಕೆ, ಅದರಲ್ಲೂ ಹಿನ್ನೆಲೆ ಗಾಯನದೊಳಕ್ಕೆ ತಂದೆವು. ಹಿನ್ನೆಲೆ ಗಾಯನವೆಂಬುದು ಕರೋಕೆಯ ತಲೆಕೆಳಗಾದ ಬಿಂಬ. ಅಲ್ಲಿ ದನಿಯೊಬ್ಬರದು, ತುಟಿಯೊಬ್ಬರದು. ಕರೋಕೆಯಲ್ಲಿ ಮೈಯೂ ದನಿಯೂ ಹಾಡುವವನದೇ, ಆದರೆ ಉಳಿದುದೆಲ್ಲ ಎರವಲು. ರಾಜಕುಮಾರರ ತುಟಿಗೆ ಪಿ.ಬಿ. ಶ್ರೀನಿವಾಸರ ದನಿ ಎಷ್ಟು ಒಪ್ಪಿತ್ತೆಂದರೆ, 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ರಾಜಕುಮಾರರು ತಾವೇ ಹಾಡತೊಡಗಿದಾಗ ಕನ್ನಡಿಗರು ತಮ್ಮ ಕಿವಿಯನ್ನು ಹೊಸದಾಗಿ ಪಳಗಿಸಿಕೊಳ್ಳಬೇಕಾಯಿತು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಈ ರಾಜಕುಮಾರರು ಕೊಯಮತ್ತೂರು ಸೀಮೆಗೆ ಪರಕೀಯರಲ್ಲ. ಅವರು ಬೆಳೆದ ಗಾಜನೂರು ಇಂದು ಈರೋಡು ಜಿಲ್ಲೆಯ ತಾಳವಾಡಿ ಭಾಗದಲ್ಲಿದ್ದರೂ, 1929ರಲ್ಲಿ ಅವರು ಹುಟ್ಟಿದಾಗ ಆ ಪ್ರದೇಶ ಹಳೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಕೊಳ್ಳೇಗಾಲವೂ ಅದೇ ಜಿಲ್ಲೆಯಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲಿಯೇ ಉಳಿಯಿತು. ಅದೇ 1956ರ ಗೆರೆ ಕಾಸರಗೋಡಿನ ನಮಗೆ ಏನು ಮಾಡಿತೆಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಕನ್ನಡ ಚಿತ್ರಗೀತೆಯನ್ನು ಮನೆಮಾತಾಗಿಸಿದ ಕೊರಳುಗಳಲ್ಲಿ ಅನೇಕವು ಕನ್ನಡ ಮನೆಯವಲ್ಲ. ಶ್ರೀನಿವಾಸ್, ಜಾನಕಿ, ಬಾಲಸುಬ್ರಹ್ಮಣ್ಯಂ ತೆಲುಗರು, ಯೇಸುದಾಸ್ ಮಲಯಾಳಿ, ವಾಣಿ ಜಯರಾಂ ತಮಿಳರು. ಪರಭಾಷೆಯ ಹಾಡನ್ನು ತಮಗೆ ಬರುವ ಲಿಪಿಯಲ್ಲಿ ಬರೆದುಕೊಂಡು ಹಾಡುವುದು ಹಿನ್ನೆಲೆ ಗಾಯಕರ ವಾಡಿಕೆ. ಕನ್ನಡವನ್ನು ಬೇರೆ ಲಿಪಿಯಲ್ಲಿ ಓದಿ ಹಾಡುವುದು ನಮ್ಮ ಚಿತ್ರಗೀತೆಗೆ ಹೊಸತಲ್ಲವೆಂಬ ಈ ಸಂಗತಿಯನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

4

2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿದ್ದಾರೆ. ಕೊಂಗುನಾಡಿನಲ್ಲಿ ಅವರಲ್ಲಿ ಮುಖ್ಯರು ನೇಕಾರಿಕೆಯ ದೇವಾಂಗರು ಮತ್ತು ಬೇಸಾಯದ ಒಕ್ಕಲಿಗರು. ತಲೆಮಾರುಗಳ ಹಿಂದೆ ವಲಸೆ ಬಂದ ಈ ಮನೆಗಳಲ್ಲಿ ಕನ್ನಡ ಬಾಯಲ್ಲಿ ಉಳಿದಿದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಓದುಬರಹವೆಲ್ಲ ತಮಿಳು, ಇಂಗ್ಲಿಷು. ಜೇಡರ ದಾಸಿಮಯ್ಯನಂಥ ಆದ್ಯ ವಚನಕಾರನನ್ನು ಕೊಟ್ಟ ನೇಯ್ಗೆಯ ಕಸುಬಿನವರಲ್ಲಿ ಇಂದು ಒಂದು ವಚನವನ್ನು ಅದರದೇ ಅಕ್ಷರದಲ್ಲಿ ಓದಬಲ್ಲವರು ವಿರಳ.

ಇಂಥ ಮನೆಗೆ ಕರೋಕೆ ಬಂದಾಗ ಪರದೆಯ ಮೇಲಿನ ಅಕ್ಷರವೇ ಮೊದಲ ತೊಡಕು. ಕನ್ನಡ ಅಕ್ಷರ ಬಾರದವರು ಹಾಡನ್ನು ಇಂಗ್ಲಿಷ್ ಅಕ್ಷರದಲ್ಲೋ ತಮಿಳು ಅಕ್ಷರದಲ್ಲೋ ಬರೆದುಕೊಳ್ಳಬೇಕು. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಹಾಗಾಗಿ 'ಗಾಳಿ'ಯನ್ನು ಬರೆದರೂ 'ಕಾಳಿ'ಯನ್ನು ಬರೆದರೂ ಕಾಗದದ ಮೇಲೆ ಒಂದೇ. 'ಬಾಳು' ಮತ್ತು 'ಪಾಳು' ಕೂಡ ಒಂದೇ. ಬಾಳು ಎಲ್ಲಿ, ಪಾಳು ಎಲ್ಲಿ ಎಂಬುದನ್ನು ಲಿಪಿ ಹೇಳಲಾರದು, ಕಿವಿ ಹೇಳಬೇಕು. ಅಜ್ಜಿಯ ಮಾತನ್ನು ಕೇಳಿ ಬೆಳೆದ ಮಗು ತಪ್ಪುವುದಿಲ್ಲ. ಕೇಳದೆ ಬೆಳೆದ ಮಗು ತಪ್ಪುತ್ತದೆ. ಅಕ್ಷರಜ್ಞಾನದ ಪರೀಕ್ಷೆಯಂತೆ ಕಾಣುವ ಕರೋಕೆ ನಿಜವಾಗಿ ಪರೀಕ್ಷಿಸುವುದು ಆ ಮನೆಯೊಳಗೆ ಎಷ್ಟು ಕನ್ನಡ ಕೇಳಿಸುತ್ತಿದೆ ಎಂಬುದನ್ನು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಸಿನಿಮಾ ಹಾಡಿನ ಕನ್ನಡ ಗ್ರಂಥಸ್ಥ ಕನ್ನಡ. ಕೊಂಗುನಾಡಿನ ಮನೆಗನ್ನಡ ತಮಿಳಿನ ನೆರೆಯಲ್ಲಿ ಸವೆದು, ಬೆಳೆದು, ಬೇರೆಯೇ ಆದ ನುಡಿ. ಕರೋಕೆಯಿಂದ ಕನ್ನಡ ಕಲಿತ ಹುಡುಗಿಗೆ ತನ್ನ ಅಜ್ಜಿಯದು 'ತಪ್ಪು ಕನ್ನಡ'ವೆಂದು ತೋರಿದರೆ, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು. ಶಿಷ್ಟ ಕನ್ನಡದೆದುರು ತಮ್ಮ ಮನೆಯ ಹವ್ಯಕ ಕನ್ನಡವನ್ನೋ ಕೋಟೆಯವರ ಕನ್ನಡವನ್ನೋ ನುಂಗಿಕೊಂಡು ಮಾತಾಡಿದ ಗಡಿನಾಡಿನ ಓದುಗರಿಗೆ ಈ ಸಂಕೋಚದ ಪರಿಚಯವಿದೆ.

5

ಈಗ ವಿಮರ್ಶೆಯ ಮುಖ್ಯ ಮಾತಿಗೆ ಬರೋಣ. ಯಂತ್ರ ಕಾಯುವುದಿಲ್ಲ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಟ್ಟು, ಉಳಿದವರು ಸೊಲ್ಲು ಎತ್ತಿಕೊಳ್ಳುವವರೆಗೆ ಕಾಯುತ್ತಾರೆ. ಯಕ್ಷಗಾನದ ಭಾಗವತರು ವೇಷಧಾರಿಯ ಹೆಜ್ಜೆಗೆ ಪದವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ರಸಮಂಜರಿಯ ಆರ್ಕೆಸ್ಟ್ರಾದವರು ಕೂಡ ಗಾಯಕ ಒಂದು ಸಾಲು ಮರೆತರೆ ಕೊಳಲಿನಲ್ಲೋ ಕೀಬೋರ್ಡಿನಲ್ಲೋ ಎರಡು ಸುತ್ತು ಹೆಚ್ಚಿಗೆ ನುಡಿಸಿ ಮಾನ ಕಾಪಾಡುತ್ತಿದ್ದರು. ಕೇರಳದ ಗಾನಮೇಳಗಳೂ ಹಾಗೆಯೇ ಇದ್ದವು. ಈಗ ಅಲ್ಲಿಯೂ 'ಕರೋಕೆ ಗಾನಮೇಳ'ಗಳು ಬಂದು ವಾದ್ಯದವರ ಕೂಲಿ ಕುಗ್ಗಿದೆ. ಜಪಾನೀಯರು ಯಂತ್ರದ ಈ ಕೊರತೆಯನ್ನು ಮನುಷ್ಯರ ತಾಳ್ಮೆಯಿಂದ ತುಂಬಿಕೊಂಡರು. ಸರದಿ, ಚಪ್ಪಾಳೆ, ಕೋಣೆ ಎಲ್ಲವೂ ಅದಕ್ಕಾಗಿ. ನಾವು ಯಂತ್ರವನ್ನು ತಂದೆವು, ಕೋಣೆಯನ್ನು ತರಲಿಲ್ಲ. ತಂದು ವೇದಿಕೆಯ ಮೇಲಿಟ್ಟೆವು. ವೇದಿಕೆಯಿದ್ದಲ್ಲಿ 'ಥೇಟ್ ಅವರ ಹಾಗೆಯೇ ಹಾಡಿದ' ಎಂಬ ಹೊಗಳಿಕೆಯೇ ಕೊನೆಯ ಮಾತಾಗುತ್ತದೆ. ಶ್ರುತಿಯೂ ತಾರೆಯದೇ. ಹಾಡುವವನ ಕಡೆಗೆ ಬಾಗಿ ಹುಟ್ಟಿದ ಯಂತ್ರದೆದುರು ನಮ್ಮಲ್ಲಿ ಹಾಡುವವನೇ ಬಾಗಿದ್ದಾನೆ.

ಹಾಗೆಂದು ಕರೋಕೆಯನ್ನು ಅಪಸಂಸ್ಕೃತಿಯೆಂದು ತಳ್ಳಿಬಿಡುವ ಮಡಿವಂತಿಕೆಯನ್ನು ಒಪ್ಪಲಾಗದು. ಸೋಮನೂರು, ಪಲ್ಲಡಂ ಕಡೆಯ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಕೆಲಸದ ಹಾಡು ಕೇಳಿಸದು. ಕೈಮಗ್ಗದೊಡನೆ ಆ ಅವಕಾಶವೂ ಕಡಿಮೆಯಾಯಿತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಹಲವು ರಾಜ್ಯದವರ ನಡುವೆ ದುಡಿಯುವ ಕನ್ನಡದ ಕೈಗಳಿಗೆ ಕನ್ನಡ ಕೇಳುಗರು ಸಿಗುವುದು ಅಪರೂಪ. 2012ರಿಂದೀಚೆಗೆ ಬಳಕೆಗೆ ಬಂದ 'ಸ್ಮ್ಯೂಲ್'ನಂಥ ಮೊಬೈಲ್ ಕರೋಕೆಯಲ್ಲಿ ಒಬ್ಬರು ಯುಗಳಗೀತೆಯ ಅರ್ಧವನ್ನು ಹಾಡಿ, ಉಳಿದರ್ಧವನ್ನು ಖಾಲಿ ಬಿಟ್ಟಿರುತ್ತಾರೆ. ಎಲ್ಲಿಯೋ ಇರುವ ಇನ್ನೊಬ್ಬರು ಅದನ್ನು ತುಂಬುತ್ತಾರೆ. ಬೆಂಗಳೂರಿನ ಅರ್ಧಕ್ಕೆ ತಿರುಪ್ಪೂರಿನ ಅರ್ಧ ಕೂಡಬಹುದು. ಯಂತ್ರ ಕಳೆದುಹಾಕಿದ ಕಾಯುವಿಕೆ ಇಲ್ಲಿ ಬೇರೊಂದು ರೂಪದಲ್ಲಿ ಮರಳಿದೆ. ಇದನ್ನು ಕಡೆಗಣಿಸಿ ಬರೆಯುವ ವಿಮರ್ಶೆ ಜನರಿಂದ ದೂರವೇ ಉಳಿಯುತ್ತದೆ.

ಆದರೆ ಒಂದು ಅಪಾಯವನ್ನು ಹೇಳಲೇಬೇಕು. ಟ್ರ್ಯಾಕ್ ಇರುವುದು ಮಾರಾಟವಾದ ಹಾಡುಗಳಿಗೆ. ಚೌಡೇಶ್ವರಿ ಹಬ್ಬದ ಪದಕ್ಕೆ, ಹಸೆಗೆ ಕರೆಯುವ ಹಾಡಿಗೆ, ತೊಟ್ಟಿಲ ಜೋಗುಳಕ್ಕೆ ಟ್ರ್ಯಾಕ್ ಸಿಗುವುದಿಲ್ಲ. ಟ್ರ್ಯಾಕ್ ಇಲ್ಲದ್ದು ಹಾಡೇ ಅಲ್ಲ ಎಂಬ ಭಾವನೆ ಒಮ್ಮೆ ಬೇರೂರಿತೆಂದರೆ, ಬರಹಕ್ಕೆ ಇಳಿಯದೆ ಕೊರಳಿನಲ್ಲಿಯೇ ಉಳಿದುಬಂದ ಕೊಂಗುನಾಡಿನ ಕನ್ನಡಕ್ಕೆ ಇರುವ ಒಂದೇ ಆಸರೆಯೂ ಹೋಗುತ್ತದೆ. ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಅಚ್ಚಾದ ಹಾಡು ನಾಳೆಯೂ ಸಿಗುತ್ತದೆ. ಅಜ್ಜಿಯ ಪದ ಅವಳೊಡನೆ ಹೋಗುತ್ತದೆ.

ಆದ್ದರಿಂದ ಬೇಕಾದ ಕೆಲಸ ಚಿಕ್ಕದು, ತುರ್ತಿನದು. ಕರೋಕೆ ಇರಲಿ, ಮಕ್ಕಳು ಹಾಡಲಿ, ಅಕ್ಷರ ಯಾವುದಾದರೂ ಆಗಲಿ, ಬಾಳು ಪಾಳಾಗದಂತೆ ಮನೆಯ ಹಿರಿಯರು ತಿದ್ದಲಿ. ಅದೇ ಮೊಬೈಲಿನಲ್ಲಿ ಮನೆಯ ಹೆಂಗಸರ ಹಾಡುಗಳು ಅವರದೇ ದನಿಯಲ್ಲಿ, ಅವರದೇ ಉಚ್ಚಾರದಲ್ಲಿ ದಾಖಲಾಗಲಿ. ಮತ್ತು ಪ್ರತಿ ಕೂಟದಲ್ಲಿ ಒಂದು ಸರದಿಯನ್ನು ಟ್ರ್ಯಾಕ್ ಇಲ್ಲದ ಹಾಡಿಗೆಂದು ಮೀಸಲಿಡಲಿ. ಆಗ ವಾದ್ಯಮೇಳ ನಿಜಕ್ಕೂ ಖಾಲಿಯಾಗಿರುತ್ತದೆ, ಕೊರಳು ಮಾತ್ರ ತುಂಬಿರುತ್ತದೆ.