ಹೊಳೆಯ ಮೀನು ಕಡಲ ಮೀನಿಗೆ ಊಟವಾದೀತೇ?

ದಾವಣಗೆರೆಯಿಂದ ಕಡಲು ರಸ್ತೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್ ದೂರ. ಆದರೂ ಕೆಲವು ವರ್ಷಗಳ ಹಿಂದೆ ನಗರದ ಅಲಂಕಾರಿಕ ಮೀನಿನ ಅಂಗಡಿಯೊಂದರಲ್ಲಿ ಉಪ್ಪುನೀರಿನ ತೊಟ್ಟಿಯೊಂದಿತ್ತು. ಅದರೊಳಗೆ ಒಂದು ಲಯನ್ ಫಿಶ್. ಕೆಂಪು-ಬಿಳಿ ಪಟ್ಟೆಗಳ ಮೈ, ಬೀಸಣಿಗೆಯಂತೆ ಹರಡಿದ ಈಜುರೆಕ್ಕೆಗಳು, ಬೆನ್ನ ಮೇಲೆ ವಿಷದ ಮುಳ್ಳುಗಳು. ಅಂಗಡಿಯವರು ಪಕ್ಕದ ತೊಟ್ಟಿಯಿಂದ ಗೋಲ್ಡ್ ಫಿಶ್ ಮರಿಯೊಂದನ್ನು ಬಲೆಯಲ್ಲಿ ಎತ್ತಿ ಅದರ ಮುಂದೆ ಬಿಟ್ಟರು. ಕ್ಷಣಾರ್ಧದಲ್ಲಿ ಮರಿ ಮಾಯ. ನೆರೆದಿದ್ದ ಹುಡುಗರು ಚಪ್ಪಾಳೆ ತಟ್ಟಿದರು.

ಅಂಥದೇ ಒಂದು ಮೀನನ್ನು ಹರಿಹರದ ಪರಿಚಿತರೊಬ್ಬರು ಮನೆಯಲ್ಲಿ ಸಾಕಿದರು. ಗೋಲ್ಡ್ ಫಿಶ್ ದುಬಾರಿಯೆನಿಸಿದಾಗ ಹೊಳೆಯಲ್ಲಿ ಹಿಡಿದ ಸಣ್ಣ ಮೀನುಗಳನ್ನು ಹಾಕುತ್ತಿದ್ದರು. ಆರೇಳು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಮೀನು ಊಟ ಬಿಟ್ಟಿತು. ವಾಲಿಕೊಂಡು ಈಜತೊಡಗಿತು, ಕೆಲವೊಮ್ಮೆ ಇದ್ದಲ್ಲೇ ಗಿರಗಿರನೆ ಸುತ್ತುತ್ತಿತ್ತು. ಒಂದು ಬೆಳಿಗ್ಗೆ ಸತ್ತಿತ್ತು. "ನೀರು ಕೆಟ್ಟಿರಬೇಕು" ಎಂದು ಅಂಗಡಿಯವರು ಹೇಳಿದರಂತೆ. "ಊಟಕ್ಕೆ ಮಾತ್ರ ಏನೂ ಕಡಿಮೆ ಮಾಡಿರಲಿಲ್ಲ ಸರ್" ಎಂದು ಮೀನಿನ ಒಡೆಯರು ನನ್ನೆದುರು ನೊಂದುಕೊಂಡರು.

ಆ ಮೀನನ್ನು ಯಾರೂ ಕೊಯ್ದು ಪರೀಕ್ಷಿಸಲಿಲ್ಲ. ಆದ್ದರಿಂದ ಅದು ಇಂಥ ಕಾರಣದಿಂದಲೇ ಸತ್ತಿತು ಎಂದು ಹೇಳುವಂತಿಲ್ಲ. ಆದರೆ ಊಟದ ಬಗ್ಗೆ ಅವರಿಗಿದ್ದ ಆ ನಿಶ್ಚಿಂತೆಯನ್ನು ನಾವು ವಿಮರ್ಶಿಸಬೇಕು. ಅದರ ಹಿಂದೆ ಮೂರು ಮಾತುಗಳಿವೆ. ಬೇಟೆಗಾರ ಮೀನು ಸಾಕುವವರಲ್ಲಿ ಈ ಮೂರೂ ಬಳಕೆಯಲ್ಲಿವೆ. ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

'ಜೀವಂತ ಮೀನೇ ಸಹಜ ಆಹಾರ'

ಇದು ಮೊದಲ ಮಾತು. ಲಯನ್ ಫಿಶ್ ಕಡಲಿನಲ್ಲಿ ಜೀವಂತ ಮೀನುಗಳನ್ನೇ ತಿನ್ನುತ್ತದೆ. ಮುರು ಮೀನು ಎಂದು ನಮ್ಮ ಕರಾವಳಿಯವರು ಕರೆಯುವ ಗ್ರೂಪರ್ ಕೂಡ ಹಾಗೆಯೇ. ಹಾಗಿದ್ದರೆ ಜೀವಂತ ಗೋಲ್ಡ್ ಫಿಶ್ ಕೊಡುವುದರಲ್ಲಿ ತಪ್ಪೇನು?

ತಪ್ಪು 'ಮೀನು' ಎಂಬ ಒಂದೇ ಪದದಲ್ಲಿದೆ. ಲಯನ್ ಫಿಶ್ ತಿನ್ನುವುದು ಹವಳದ ದಿಬ್ಬಗಳ ನೂರು ಬಗೆಯ ಜೀವಿಗಳನ್ನು. ಅಟ್ಲಾಂಟಿಕ್‌ಗೆ ಹೊರಗಿನಿಂದ ಬಂದು ಸೇರಿರುವ ಲಯನ್ ಫಿಶ್‌ಗಳನ್ನು ಬಹಾಮಾಸ್ ದ್ವೀಪಗಳ ಬಳಿ ಹಿಡಿದು ಜಠರ ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವುಗಳ ಹೊಟ್ಟೆಯಲ್ಲಿ 41 ಜಾತಿಯ ಮೀನುಗಳು ಸಿಕ್ಕಿದ್ದವು. ಸೀಗಡಿಯಂಥ ಚಿಪ್ಪುಜೀವಿಗಳೂ ಇದ್ದವು. ಆ ಪಟ್ಟಿಯಲ್ಲಿ ಗೋಲ್ಡ್ ಫಿಶ್ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಸಿಹಿನೀರಿನ ಗೋಲ್ಡ್ ಫಿಶ್ ಕಡಲ ನೀರಿನಲ್ಲಿ ಬಹಳ ಹೊತ್ತು ಬದುಕದು. ತೊಟ್ಟಿಯಲ್ಲಿ ತಿನ್ನದೆ ಉಳಿದರೆ ಸತ್ತು ಕೊಳೆತು ನೀರಿಗೆ ಅಮೋನಿಯ ಸೇರಿಸುತ್ತದೆ.

ಗೋಲ್ಡ್ ಫಿಶ್ ಸೇರಿರುವುದು ಗೆಂಡೆ ಮೀನುಗಳ ಕುಟುಂಬಕ್ಕೆ. ತುಂಗಭದ್ರೆಯಲ್ಲಿ ಬಲೆಗೆ ಬೀಳುವ ಸಣ್ಣ ಮೀನುಗಳಲ್ಲಿ ಬಹುಪಾಲು ಇದೇ ಬಳಗದವು. ಈ ಬಳಗದ ಹಲವು ಮೀನುಗಳ ದೇಹದಲ್ಲಿ, ಮುಖ್ಯವಾಗಿ ಕರುಳು ಮೊದಲಾದ ಒಳ ಅಂಗಗಳಲ್ಲಿ, ಥಯಾಮಿನೇಸ್ ಎಂಬ ಕಿಣ್ವವಿದೆ. ಬಿ-1 ಜೀವಸತ್ವ, ಅಂದರೆ ಥಯಾಮಿನ್, ಎರಡು ಉಂಗುರಗಳು ಒಂದು ಸೇತುವೆಯಿಂದ ಜೋಡಣೆಯಾದ ಅಣು. ಥಯಾಮಿನೇಸ್ ಕತ್ತರಿಸುವುದು ಆ ಸೇತುವೆಯನ್ನೇ. ಕತ್ತರಿಸಿದ ಮೇಲೆ ಅದು ಜೀವಸತ್ವವಾಗಿ ಉಳಿಯುವುದಿಲ್ಲ.

ನರಿಗಳು ಕಲಿಸಿದ ಪಾಠ

ಈ ಸಂಗತಿ ಬೆಳಕಿಗೆ ಬಂದದ್ದು ಮೀನುಗಳಿಂದಲ್ಲ, ನರಿಗಳಿಂದ. 1932ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಚ್ಯಾಸ್ಟೆಕ್ ಎಂಬುವರು ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದರು. ಖರ್ಚು ತಗ್ಗಿಸಲು ಹಸಿ ಗೆಂಡೆ ಮೀನನ್ನು ಆಹಾರಕ್ಕೆ ಬೆರೆಸಿದರು. ನರಿಗಳು ಮೊದಲು ಊಟ ಬಿಟ್ಟವು, ಆಮೇಲೆ ಕಾಲುಗಳ ಸ್ವಾಧೀನ ತಪ್ಪಿ ಸತ್ತವು. ಆ ರೋಗಕ್ಕೆ ಚ್ಯಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರಾಯಿತು. ಆಹಾರದ ಹತ್ತನೇ ಒಂದು ಭಾಗ ಇಂಥ ಹಸಿ ಮೀನಿದ್ದರೂ ರೋಗ ಬರಲು ಸಾಕು ಎಂಬುದು ಮುಂದಿನ ಪ್ರಯೋಗಗಳಲ್ಲಿ ತಿಳಿಯಿತು. ಅದೇ ಮೀನನ್ನು ಬೇಯಿಸಿ ಕೊಟ್ಟಾಗ ರೋಗ ಬರಲಿಲ್ಲ. ಕಿಣ್ವವು ಪ್ರೋಟೀನು, ಶಾಖಕ್ಕೆ ಅದು ಹಾಳಾಗುತ್ತದೆ.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಹಿಂಜರಿಕೆಯನ್ನು ಎದುರಿಸಿ, ಷರತ್ತಿನ ಮೇಲೆ ಪ್ರವೇಶ ಪಡೆದ ಕಮಲಾ ಸೊಹೊನಿ ಅವರ ಹೆಸರನ್ನು ನೀವು ಕೇಳಿರಬಹುದು. ಮುಂದೆ ಮುಂಬಯಿಯಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕಿಯಾಗಿದ್ದಾಗ ಅವರು ಸಹೋದ್ಯೋಗಿಯೊಡನೆ ಸಿಹಿನೀರು, ಅಳಿವೆ ನೀರು ಮತ್ತು ಉಪ್ಪುನೀರಿನ ಮೀನುಗಳ ಥಯಾಮಿನೇಸ್ ಕುರಿತು ಬರೆದ ಪ್ರಬಂಧ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎಪ್ಪತ್ತು ವರ್ಷಗಳ ಹಿಂದೆಯೇ ನಮ್ಮವರು ಅಧ್ಯಯನ ಮಾಡಿದ ವಿಷಯ ಮೀನು ಸಾಕುವವರ ಕಿವಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ.

ಪ್ರಬಂಧದ ಶೀರ್ಷಿಕೆಯಲ್ಲಿ ಉಪ್ಪುನೀರೂ ಇರುವುದನ್ನು ಗಮನಿಸಿ. ಥಯಾಮಿನೇಸ್ ಸಿಹಿನೀರಿನ ಮೀನುಗಳ ಸ್ವತ್ತಲ್ಲ, ಕಡಲಿನ ಹಲವು ಮೀನುಗಳಲ್ಲೂ ಇದೆ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿ ಕೇಂದ್ರಗಳಲ್ಲಿ ಸಾಲ್ಮನ್ ಮರಿಗಳು ಸುತ್ತುತ್ತ ಸಾಯತೊಡಗಿದವು. ಕಾರಣ ಥಯಾಮಿನ್ ಕೊರತೆ. ತಾಯಿ ಮೀನುಗಳು ಕಡಲಿನಲ್ಲಿ ಹೆಚ್ಚಾಗಿ ಆಂಚೊವಿ ಎಂಬ ಒಂದೇ ಬಗೆಯ ಮೀನನ್ನು ತಿಂದದ್ದು ಇದರ ಹಿಂದಿದೆ ಎಂದು ವಿಜ್ಞಾನಿಗಳು ಗುರುತಿಸಿದರು. ಥಯಾಮಿನ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಮರಿಗಳು ಚೇತರಿಸಿಕೊಂಡವು. ಅಂದರೆ ಬೇಟೆ ಸಹಜವೇ ಆಗಿದ್ದರೂ ಅದು ಒಂದೇ ಬಗೆಯದಾದರೆ ಅಪಾಯ ತಪ್ಪಿದ್ದಲ್ಲ.

'ತಿನ್ನುತ್ತಿದೆಯಲ್ಲ, ಇನ್ನೇನು?'

ಇದು ಎರಡನೆಯ ಮಾತು. ದಾವಣಗೆರೆಯವರಿಗೆ ಮಂಡಕ್ಕಿ ಎಂದರೆ ಪ್ರಾಣ. ಆದರೆ ಮೂರು ಹೊತ್ತೂ ಮಂಡಕ್ಕಿಯನ್ನೇ ತಿಂದರೆ? ಹೊಟ್ಟೆ ತುಂಬುತ್ತದೆ, ಪೋಷಣೆ ಆಗುವುದಿಲ್ಲ. ತೌಡು ತೆಗೆದ ಬಿಳಿ ಅಕ್ಕಿಯನ್ನೇ ನಂಬಿದವರಿಗೆ ಬೆರಿಬೆರಿ ರೋಗ ಬಂದದ್ದು ಹೀಗೆಯೇ. ಅಲ್ಲಿಯೂ ಕೊರತೆಯಾದದ್ದು ಥಯಾಮಿನ್.

ಜೀವಕೋಶ ಸಕ್ಕರೆಯಿಂದ ಶಕ್ತಿ ಪಡೆಯುವ ಮುಖ್ಯ ಹಂತವೊಂದಕ್ಕೆ ಥಯಾಮಿನ್ ಬೇಕು. ಅದಿಲ್ಲದಿದ್ದರೆ ಮೊದಲು ಬಳಲುವುದು ಶಕ್ತಿಯ ಹಸಿವು ಹೆಚ್ಚಿರುವ ಮಿದುಳು ಮತ್ತು ನರಗಳು. ಹೀಗಾಗಿ ಮೀನು ಸಮತೋಲ ತಪ್ಪುತ್ತದೆ, ಸುತ್ತುತ್ತದೆ, ಸೆಳೆತಕ್ಕೆ ಒಳಗಾಗುತ್ತದೆ. ಇವೆಲ್ಲಕ್ಕೂ ಮುಂಚೆ ಕಾಣುವ ಲಕ್ಷಣ ಊಟ ಬಿಡುವುದು. ಮೋಸ ಹೋಗುವುದು ಇಲ್ಲಿಯೇ. ಮೀನಿಗೆ ಬೇಸರವಾಗಿದೆ ಎಂದುಕೊಂಡು ಇನ್ನಷ್ಟು ಚುರುಕಾದ, ಇನ್ನಷ್ಟು ಹೊಳೆಯುವ ಗೋಲ್ಡ್ ಫಿಶ್ ತಂದು ಬಿಡುತ್ತೇವೆ. ರೋಗ ತಂದ ಆಹಾರವನ್ನೇ ಮದ್ದೆಂದು ಕೊಟ್ಟಂತಾಯಿತು.

ಕಾರಣಕ್ಕೂ ಪರಿಣಾಮಕ್ಕೂ ನಡುವಿನ ಕಾಲದ ಅಂತರ ಈ ಮೋಸವನ್ನು ಇನ್ನೂ ಬಲಪಡಿಸುತ್ತದೆ. ಇಸ್ರೇಲಿನ ವಿಜ್ಞಾನಿ ಫಿಶೆಲ್ಸನ್ 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಲಯನ್ ಫಿಶ್‌ಗಳು 12 ವಾರ ಏನನ್ನೂ ತಿನ್ನದೆ ಬದುಕಿದ್ದವು. ಇಷ್ಟು ತಾಳಿಕೆಯ ಜೀವಿ ತಪ್ಪು ಆಹಾರವನ್ನೂ ತಿಂಗಳುಗಟ್ಟಲೆ ಸಹಿಸುತ್ತದೆ. ಅಂಗಡಿಯಲ್ಲಿ ಎರಡು ವಾರ ಚೆನ್ನಾಗಿತ್ತು ಎಂಬ ಮಾತು ಆಹಾರದ ಬಗ್ಗೆ ಏನನ್ನೂ ರುಜುವಾತು ಮಾಡುವುದಿಲ್ಲ.

ಕೊಬ್ಬಿನ ಲೆಕ್ಕವೂ ಇದೆ. ಸಿಹಿನೀರಿನ ಹೆಚ್ಚಿನ ಮೀನುಗಳು ಸಣ್ಣ ಸರಪಳಿಯ ಒಮೆಗಾ-3 ಮೇದಾಮ್ಲದಿಂದ ಉದ್ದ ಸರಪಳಿಯ ಇಪಿಎ, ಡಿಎಚ್‌ಎಗಳನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಕಡಲಿನ ಬೇಟೆಗಾರ ಮೀನುಗಳಲ್ಲಿ ಈ ಸಾಮರ್ಥ್ಯ ತೀರ ಕಡಿಮೆ. ಪಾಚಿಯಲ್ಲಿ ತಯಾರಾಗಿ ಆಹಾರ ಸರಪಳಿಯಲ್ಲಿ ಮೇಲೇರಿ ಬರುವ ಈ ಕೊಬ್ಬು ಕಡಲಿನಲ್ಲಿ ಸಿದ್ಧವಾಗಿಯೇ ಸಿಗುವುದರಿಂದ ಅವುಗಳಿಗೆ ಆ ಕಾರ್ಖಾನೆಯ ಅಗತ್ಯ ಬೀಳಲಿಲ್ಲ. ತೌಡು, ಹಿಟ್ಟು ತಿಂದು ಬೆಳೆದ ಕೊಳದ ಮೀನಿನಲ್ಲಿ ಆ ಕೊಬ್ಬು ಸಾಕಷ್ಟಿರುವುದಿಲ್ಲ. ಕೋಳಿ ಮಾಂಸ, ದನದ ಹೃದಯ ಕೊಡುವ ರೂಢಿಯೂ ಇದೆ. ಅವುಗಳ ಗಟ್ಟಿ ಕೊಬ್ಬು ತಣ್ಣನೆ ರಕ್ತದ ಮೀನಿಗೆ ಹೊಂದುವುದಿಲ್ಲ, ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅತಿಯಾಗಿ ತಿನ್ನಿಸಿದರೂ ಫಲ ಅದೇ.

'ವಿಟಮಿನ್ ಹನಿ ಹಾಕಿದರೆ ಸಾಕು'

ಇಷ್ಟು ಓದಿದ ಮೇಲೆ ಕೆಲವರು ಎದುರು ತುದಿಗೆ ಹಾರುತ್ತಾರೆ. ಮೀನಿಗೆ ಏನೇ ಆದರೂ ಜೀವಸತ್ವದ ಕೊರತೆ, ಬಾಟಲಿಯ ಹನಿಯೇ ಮದ್ದು ಎನ್ನುತ್ತಾರೆ. ಇದು ಮೂರನೆಯ ಮಾತು, ಇದೂ ಅರ್ಧಸತ್ಯವೇ.

ಕಡಲ ಮೀನುಗಳ ತಲೆಯ ಮೇಲೆ, ಪಕ್ಕದ ಗೆರೆಯುದ್ದಕ್ಕೂ ಚರ್ಮ ಸವೆದು ಗುಳಿ ಬೀಳುವ ರೋಗವನ್ನು ತೆಗೆದುಕೊಳ್ಳಿ. ಎ, ಸಿ ಜೀವಸತ್ವಗಳ ಕೊರತೆಯೇ ಕಾರಣವೆಂದು ಬಹುಕಾಲ ಹೇಳುತ್ತ ಬಂದರು. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೊಟ್ಟಿಯ ಸೋಸುಕಕ್ಕೆ ಬಳಸುವ ಇದ್ದಿಲಿನಿಂದಲೂ ಇದೇ ರೋಗ ಬಂತು. ಕಟ್ಟಿಹಾಕಿದ ತೊಟ್ಟಿಗಳಲ್ಲಿ ಶಾರ್ಕ್‌ಗಳಿಗೆ ಬರುವ ಗಳಗಂಡವೂ ಹೀಗೆಯೇ. ಅದಕ್ಕೆ ಅಯೋಡಿನ್ ಕೊರತೆ ಕಾರಣ, ಆದರೆ ನೀರಿನಲ್ಲಿ ನೈಟ್ರೇಟ್ ಹೆಚ್ಚಾದರೆ ಇರುವ ಅಯೋಡಿನನ್ನೂ ಥೈರಾಯ್ಡ್ ಗ್ರಂಥಿ ಹೀರಿಕೊಳ್ಳಲಾರದು. ಅಂದರೆ ನೀರು, ಆಹಾರ ಎರಡನ್ನೂ ಒಟ್ಟಿಗೆ ನೋಡಬೇಕು. "ನೀರು ಕೆಟ್ಟಿರಬೇಕು" ಎಂಬ ಅಂಗಡಿಯವರ ಮಾತು ಸುಳ್ಳೆಂದಲ್ಲ, ಅದು ಪರೀಕ್ಷೆಗೆ ಒಳಪಡದ ಮಾತು.

ಪರೀಕ್ಷೆ ಕಷ್ಟವೇನಲ್ಲ. ನೀರಿನ ಅಮೋನಿಯ, ನೈಟ್ರೈಟ್ ಅಳೆಯಬಹುದು. ನೀರು ಕೆಟ್ಟಿದ್ದರೆ ಆ ತೊಟ್ಟಿಯ ಬೇರೆ ಮೀನುಗಳೂ, ಏನೇ ತಿನ್ನುತ್ತಿರಲಿ, ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಳಲಬೇಕು. ದೋಷ ಆಹಾರದ್ದಾದರೆ ಆ ಆಹಾರ ತಿಂದವು ಮಾತ್ರ, ಅದೂ ನಿಧಾನವಾಗಿ ಬಳಲಬೇಕು. ಥಯಾಮಿನ್ ಕೊಟ್ಟಾಗ ಮೀನು ಬೇಗ ಚೇತರಿಸಿಕೊಂಡರೆ ಅನುಮಾನ ಗಟ್ಟಿಯಾಗುತ್ತದೆ.

ಹಾಗಾದರೆ ಏನು ಕೊಡಬೇಕು?

ಒಂದೇ ಬಗೆಯನ್ನು ನೆಚ್ಚಬಾರದು. ಕಡಲ ಮೀನಿನ ತುಂಡು, ಸೀಗಡಿ, ಏಡಿ, ಬೊಂಡಾಸ್ ಇವುಗಳನ್ನು ಬದಲಿಸುತ್ತ ಕೊಡುವುದು ಲೇಸು. ಸಣ್ಣ ಮೀನಾದರೆ ಇಡಿಯಾಗಿ ಕೊಡಿ, ಬರೀ ಮಾಂಸಖಂಡದಲ್ಲಿ ಇಲ್ಲದ ಪೋಷಕಾಂಶಗಳು ಯಕೃತ್ತು, ಮೂಳೆಗಳಲ್ಲಿವೆ. ಮಂಜುಗಡ್ಡೆಯಲ್ಲಿಟ್ಟರೆ ಥಯಾಮಿನೇಸ್ ನಾಶವಾಗದು, ಶೇಖರಣೆಯ ಕಾಲದಲ್ಲೂ ಅದು ಮೆಲ್ಲಗೆ ಕೆಲಸ ಮಾಡುತ್ತಿರುತ್ತದೆ ಎಂಬುದು ನೆನಪಿರಲಿ. ಮೀನನ್ನೇ ತಿನ್ನುವ ಸೀಲ್, ಡಾಲ್ಫಿನ್‌ಗಳಿಗೆ ಮತ್ಸ್ಯಾಲಯಗಳಲ್ಲಿ ಕಿಲೋಗ್ರಾಂ ಆಹಾರಕ್ಕೆ 25ರಿಂದ 30 ಮಿಲಿಗ್ರಾಂ ಥಯಾಮಿನ್ ಪ್ರತ್ಯೇಕವಾಗಿ ಕೊಡುವ ಪದ್ಧತಿ ಬಂದಿರುವುದು ಇದೇ ಕಾರಣಕ್ಕೆ.

ಲಯನ್ ಫಿಶ್ ಅಲುಗಾಡದ ತುಂಡನ್ನು ಮೊದಲು ಮುಟ್ಟುವುದಿಲ್ಲ. ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿ ನೀರಿನಲ್ಲಿ ಮೆಲ್ಲಗೆ ಆಡಿಸಿದರೆ ದಿನಗಳಲ್ಲಿ, ಇಲ್ಲವೇ ವಾರಗಳಲ್ಲಿ ರೂಢಿಯಾಗುತ್ತದೆ. ಆರೋಗ್ಯವಾಗಿರುವ ಮೀನು ಕೆಲವು ದಿನ ಉಪವಾಸವಿದ್ದರೆ ಗಾಬರಿ ಬೇಡ. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಊಟ ಧಾರಾಳ. ಮುಳ್ಳಿನಲ್ಲಿ ವಿಷವಿರುವುದರಿಂದ ಕೈಯಿಂದ ತಿನ್ನಿಸುವ ಸಾಹಸ ಮಾತ್ರ ಕೂಡದು.

ನಮ್ಮ ಪಾಠದ ಬಾಣ

ಕೊನೆಯಲ್ಲಿ, ಅಧ್ಯಾಪಕ ಮಿತ್ರರೇ, ತಪ್ಪಿನ ಒಂದು ಪಾಲು ನಮ್ಮದೂ ಹೌದು. ಕಪ್ಪು ಹಲಗೆಯ ಮೇಲೆ ನಾವು ಆಹಾರ ಸರಪಳಿ ಬರೆಯುತ್ತೇವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಒಂದು ಬಾಣ. ಆ ಬಾಣ ಶಕ್ತಿ ಯಾರಿಂದ ಯಾರಿಗೆ ಹೋಗುತ್ತದೆ ಎಂದು ಹೇಳುತ್ತದೆ. ಶಕ್ತಿಯ ಜೊತೆಗೆ ಯಾವ ಜೀವಸತ್ವ, ಯಾವ ಮೇದಾಮ್ಲ ಹೋಯಿತು, ಯಾವುದು ದಾರಿಯಲ್ಲಿ ಕತ್ತರಿಸಿಹೋಯಿತು ಎಂಬುದನ್ನು ಹೇಳುವುದಿಲ್ಲ. 'ಮೀನು ಮೀನನ್ನು ತಿನ್ನುತ್ತದೆ' ಎಂದು ಕಲಿತ ವಿದ್ಯಾರ್ಥಿಯೇ ಮುಂದೆ ಯಾವ ಮೀನಾದರೇನು ಎಂದುಕೊಂಡು ಹೊಳೆಗೆ ಬಲೆ ಬೀಸುತ್ತಾನೆ.

ನಿಮ್ಮ ಶಾಲೆಯಲ್ಲಿ ತೊಟ್ಟಿಯಿದ್ದರೆ, ಅದು ಸಿಹಿನೀರಿನದಾದರೂ ಸರಿ, ಒಂದು ನೋಟ್‌ಬುಕ್ ಇಡಿಸಿ. ದಿನಾಂಕ, ಕೊಟ್ಟ ಆಹಾರದ ಬಗೆ, ಪ್ರಮಾಣ, ತಿನ್ನದೆ ಬಿಟ್ಟ ದಿನ, ಈಜಿನಲ್ಲಿ ಕಂಡ ವ್ಯತ್ಯಾಸ, ಇಷ್ಟನ್ನು ಮಕ್ಕಳೇ ಬರೆಯಲಿ. ಅಂಥ ಒಂದು ಪುಸ್ತಕ ಹರಿಹರದ ಆ ಮನೆಯಲ್ಲಿ ಇದ್ದಿದ್ದರೆ ಊಟ ಬಿಟ್ಟ ಮೊದಲ ವಾರದಲ್ಲೇ ಪ್ರಶ್ನೆ ಏಳುತ್ತಿತ್ತು. ಮಾರಾಟಕ್ಕೆ ಬರುವ ಕಡಲಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತಂದವು. ತೊಟ್ಟಿಯಲ್ಲಿ ಒಂದು ಸತ್ತರೆ ಅದರ ಜಾಗಕ್ಕೆ ದಿಬ್ಬದಿಂದ ಇನ್ನೊಂದು ಬರುತ್ತದೆ. ಅದಕ್ಕೆ ಸರಿಯಾದ ಊಟ ಹಾಕಲು ಸಾಧ್ಯವಿಲ್ಲದಿದ್ದರೆ ಕೊಳ್ಳದೆ ಇರುವುದೇ ಮೇಲು.