ಮಣ್ಣು, ಕೊಳೆ ಮತ್ತು ‘ಡರ್ಟ್’

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಿಗೆ ಕಡಲೆಕಾಯಿ ಹೊಲದ ಮಣ್ಣು ಬೇರೆ, ಬಟ್ಟೆಯ ಕೊಳೆ ಬೇರೆ. ನೆರೆಯ ತೆಲುಗಿನಲ್ಲೂ ಮಟ್ಟಿ, ಮುರಿಕಿಗಳು ಬೇರೆಬೇರೆ. ಇಂಗ್ಲಿಷಿನ ‘ಡರ್ಟ್’ ಎರಡನ್ನೂ ನುಂಗುತ್ತದೆ. ಮಲವೆಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದ ಅದು ಅಮೆರಿಕದಲ್ಲಿ ಬಿತ್ತುವ ನೆಲಕ್ಕೂ ಸಲ್ಲುತ್ತದೆ. ಸ್ಥಾನ ತಪ್ಪಿದ ವಸ್ತುವೇ ಡರ್ಟ್ ಎಂಬ, ಮೇರಿ ಡಗ್ಲಸ್ 1966ರಲ್ಲಿ ವಿಸ್ತರಿಸಿದ ವಿಚಾರವನ್ನು ಕನ್ನಡಿಸುವಾಗ ‘ಕೊಳೆ’ ಸಾಲದು: ಕೊಳೆ ತೊಳೆದರೆ ಹೋಗುತ್ತದೆ, ಮೈಲಿಗೆಗೆ ವಿಧಿ ಬೇಕು.

ಇಷ್ಟಕ್ಕೇ ಕನ್ನಡದ ವಿವೇಕವನ್ನು ಕೊಂಡಾಡುವುದು ಅವಸರವಾದೀತು. ಮಣ್ಣನ್ನು ಕೊಳೆಯಿಂದ ಬಿಡಿಸಿದ ನುಡಿಯೇ ಮೈಲಿಗೆಯೆಂಬರ್ಥದ ‘ಹೊಲೆ’ಯನ್ನು ಆ ಮಣ್ಣಿನಲ್ಲಿ ದುಡಿದವರ ಜಾತಿಯ ಹೆಸರಿಗೆ ಹೆಣೆದಿದೆ. ಆ ಹೆಸರು ‘ಹೊಲ’ದಿಂದ ಬಂದಿತೆಂಬ ವಾದವೂ ಉಂಟು. ನಿಷ್ಪತ್ತಿ ಯಾವುದೇ ಇರಲಿ, ಅದನ್ನು ಬೈಗುಳವಾಗಿ ಕೇಳಿದವರಿಗೆ ‘ಡರ್ಟ್’ನ ಎರಡೂ ಅರ್ಥಗಳು ಒಟ್ಟಿಗೇ ತಾಗಿವೆ.