ನಟ ಬಾಲಕೃಷ್ಣ: ‘ಹಾಸ್ಯನಟ’ನೆಂಬ ಹೆಸರಿನ ಪರಾಮರ್ಶೆ

ಹಾಸನ ಜಿಲ್ಲೆಯ ಚರಿತ್ರೆಯೆಂದೊಡನೆ ಬೇಲೂರು ಹಳೇಬೀಡುಗಳ ಶಿಲ್ಪವೂ ಚನ್ನರಾಯಪಟ್ಟಣ ಸೀಮೆಯ ಶ್ರವಣಬೆಳಗೊಳದ ಶಾಸನಗಳೂ ನಮ್ಮ ಕಣ್ಣಮುಂದೆ ನಿಲ್ಲುವುವು. ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರು ನಟನ ಬಾಳನ್ನು ‘ನಟಸಾರ್ವಭೌಮ’ ಕಾದಂಬರಿಗೆ ವಸ್ತುವಾಗಿಸಿದರು. ಇದೇ ಜಿಲ್ಲೆಯ ಅರಸೀಕೆರೆಯಲ್ಲಿ ಜನಿಸಿದ ಟಿ. ಎನ್. ಬಾಲಕೃಷ್ಣರನ್ನು ಮಾತ್ರ ನಾವು ‘ಹಾಸ್ಯನಟ’ರೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೇವೆ. ಈ ಮಾತು ಸಾಲದೆಂಬುದು ನಮ್ಮ ಅಭಿಪ್ರಾಯ.

ವೃತ್ತಿರಂಗಭೂಮಿಯಿಂದ ಬಂದ ಅವರು 1943ರ ‘ರಾಧಾರಮಣ’ದಲ್ಲಿ ತೆರೆಗೆ ಬಂದರು; 1995ರಲ್ಲಿ ತೀರಿಕೊಳ್ಳುವ ವೇಳೆಗೆ ಐನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ನಟಿಸಿದ್ದರು. ಅವರಿಗೆ ಕಿವಿ ಮಂದ. ಎದುರಿನ ನಟನ ತುಟಿಚಲನೆಯನ್ನು ನೋಡಿ ಮಾತಿನ ಸರದಿಯನ್ನು ಹಿಡಿಯುತ್ತಿದ್ದರು. ಅವರ ಕಲೆಯ ಕೀಲಿ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಎದುರಾಳಿಯ ಮುಖವನ್ನು ಬಿಡದೆ ನೋಡುವ ಆ ದೃಷ್ಟಿ, ಉತ್ತರಕ್ಕೆ ಮುನ್ನ ಕಾಣುವ ಆ ಚಿಕ್ಕ ತಡೆ, ಇವೇ ಜಿಪುಣನ ಪಾತ್ರದಲ್ಲಿ ನಗೆಯಾಗಿ, ಖಳನ ಪಾತ್ರದಲ್ಲಿ ಅಂಜಿಕೆಯಾಗಿ ಪರಿಣಮಿಸುತ್ತವೆ. ಅರಸೀಕೆರೆಗೆ ನೆರೆಯೂರಾದ ತಿಪಟೂರಿನ ನರಸಿಂಹರಾಜರದು ಮೈಯೆಲ್ಲ ಕುಣಿಯುವ ಹಾಸ್ಯ. ಬಾಲಕೃಷ್ಣರದು ನಿಂತಲ್ಲಿಯೇ ನಿಂತು ಮಾತಿನಿಂದ ಇರಿಯುವ ಹಾಸ್ಯ. ಇವರನ್ನು ಒಂದೇ ಜೋಡಿಯ ಎರಡು ಎತ್ತುಗಳೆಂಬಂತೆ ಬಣ್ಣಿಸುವ ವಾಡಿಕೆ ನಮಗೆ ಒಪ್ಪಿಗೆಯಿಲ್ಲ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನಲ್ಲಿ ನಗೆ ಹಿಂದೆ ಸರಿದು ಹಳ್ಳಿಯ ಹಿರಿಯನ ಘನತೆ ಮುಂದೆ ಬರುತ್ತದೆ. ಹಾಸನ, ಹೊಳೆನರಸೀಪುರಗಳ ಸಂತೆಯಲ್ಲಿ ನಾವು ಕಂಡ ಹಿರಿಯರ ಮಾತಿನ ಬಿಗಿಯನ್ನೇ ಆ ಪಾತ್ರದಲ್ಲಿ ಕೇಳುತ್ತೇವೆ.

ಇತಿಹಾಸದ ವಿದ್ಯಾರ್ಥಿಗಳು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಕನ್ನಡ ಚಿತ್ರಗಳೇ ವಿರಳವಾಗಿದ್ದ ಕಾಲದಲ್ಲಿ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಕೃಷ್ಣರು ಕಲಾವಿದರ ಸಂಘವನ್ನು ಕಟ್ಟಿ ಊರೂರುಗಳಲ್ಲಿ ನಾಟಕವಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ನಿರ್ಮಿಸಿದರು. ಅದೇ ದಶಕದಲ್ಲಿ, ಮದರಾಸನ್ನು ನೆಚ್ಚಿದ್ದ ಕನ್ನಡ ಚಿತ್ರೋದ್ಯಮಕ್ಕೆ ಬೆಂಗಳೂರಿನಲ್ಲಿ ನೆಲೆಯಾಗಲೆಂದು, ಬಾಲಕೃಷ್ಣರು ಕೆಂಗೇರಿಯ ಕಡೆಗೆ ಸರ್ಕಾರವಿತ್ತ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೋವನ್ನು ಆರಂಭಿಸಿದರು. ನಟನಾಗಿ ಗಳಿಸಿದ್ದು ಅಲ್ಲಿ ಕರಗಿತು. ಜಿಪುಣನ ಪಾತ್ರದಿಂದ ಹೆಸರಾದವರ ಕೈ ಇಷ್ಟು ದೊಡ್ಡದಾಗಿತ್ತು!

2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನರ ಅಂತ್ಯಸಂಸ್ಕಾರ ನಡೆದುದು ಆ ನೆಲದಲ್ಲಿಯೇ. 2025ರ ಆಗಸ್ಟಿನಲ್ಲಿ ಅಲ್ಲಿಯ ಸಮಾಧಿಯನ್ನು ಕೆಡಹಿದಾಗ ಸ್ಟುಡಿಯೋದ ಹೆಸರು ಮತ್ತೆ ಜನರ ಬಾಯಲ್ಲಿ ಬಂದಿತು. ಆ ಗದ್ದಲದಲ್ಲಿ ಬಾಲಕೃಷ್ಣರು ಜಮೀನಿನ ಹಿಂದಿನ ಒಡೆಯರಾಗಿಯಷ್ಟೇ ಉಲ್ಲೇಖಗೊಂಡರು.